ಇತ್ಸುಕೊ ಅತ್ತೆಯ ಕಲ್ಲುಕಣ

ನನ್ನ ಮಾವ ದೋಣಿಯಿಂದ ಬಿದ್ದು ಕಾಲು ಮುರಿದುಕೊಂಡದ್ದು ಮೇ ತಿಂಗಳ ಕೊನೆಯ ವಾರ. ಸಮುದ್ರದಲ್ಲಿ ಅಲ್ಲ, ದಡದಲ್ಲಿ. ತಳಕ್ಕೆ ಬಣ್ಣ ಬಳಿಯಲು ದೋಣಿಯನ್ನು ದಿಮ್ಮಿಗಳ ಮೇಲೆ ಏರಿಸಿ ನಿಲ್ಲಿಸಿದ್ದರು. ಅದರ ಅಂಚಿನಲ್ಲಿ ನಿಂತು ಯಾರಿಗೋ ಏನೋ ಕೂಗಿ ಹೇಳಲು ತಿರುಗಿದವರು ಹಾಗೆಯೇ ಕೆಳಗೆ ಬಂದರು. ಐವತ್ತು ವರ್ಷ ಅಲೆಯ ಮೇಲೆ ಬೀಳದ ಮನುಷ್ಯ ಒಣನೆಲದ ಮೇಲೆ ಬಿದ್ದದ್ದಕ್ಕೆ ಕೆರಿಬೆತ್ಸು ಊರೆಲ್ಲ ಮೊದಲು ನಕ್ಕಿತು, ಆಮೇಲೆ ಹಣ್ಣು ಹಿಡಿದುಕೊಂಡು ಆಸ್ಪತ್ರೆಗೆ ಹೋಯಿತು. ತೊಡೆಯ ಮೂಳೆ ಮುರಿದಿತ್ತು. ಮೂರು ತಿಂಗಳು ಆ ಕಾಲಿನ ಮೇಲೆ ಭಾರ ಹಾಕುವಂತಿಲ್ಲ ಎಂದರು ಡಾಕ್ಟರು.

ಆ ಮೂರು ತಿಂಗಳಲ್ಲೇ ನಮ್ಮ ವರ್ಷದ ದುಡಿಮೆಯೆಲ್ಲ ಮುಗಿಯುತ್ತದೆ. ಕೊಂಬು ಎಂಬ ಕಡಲಸೊಪ್ಪನ್ನು ಕೊಯ್ಯಲು ಬಿಡುವುದು ಜುಲೈ ನಡುವಿನಿಂದ ಸೆಪ್ಟೆಂಬರ್‌ವರೆಗೆ ಮಾತ್ರ. ಅದರಲ್ಲೂ ಬಿಸಿಲಿರುವ ದಿನ ಮಾತ್ರ. ಬೆಳಗಿನ ಜಾವ ಮೀನುಗಾರರ ಸಂಘದವರು ಬಾವುಟ ಏರಿಸಿದರೆ ದೋಣಿಗಳು ಹೊರಡುತ್ತವೆ, ಏರಿಸದಿದ್ದರೆ ಎಲ್ಲರೂ ಮತ್ತೆ ಮಲಗುತ್ತಾರೆ. ತಂದ ಸೊಪ್ಪನ್ನು ಅದೇ ದಿನ ಸಂಜೆಯೊಳಗೆ ಒಣಗಿಸಬೇಕು. ಅದಕ್ಕೇ ಇರುವುದು ಕಲ್ಲುಕಣ. ಮುಷ್ಟಿ ಗಾತ್ರದ ಕಲ್ಲುಗಳನ್ನು ಒಂದು ಗೇಣು ದಪ್ಪ ಹರಡಿ ಸಮ ಮಾಡಿದ ಬಯಲು ಅದು. ಮೇಲಿಂದ ಬಿಸಿಲು, ಕೆಳಗಿಂದ ಕಲ್ಲಿನ ಕಾವು, ನಡುವೆ ಗಾಳಿ. ಸೊಪ್ಪಿಗೆ ಮಣ್ಣು ತಗುಲಿತೋ, ಅದರ ದರ್ಜೆ ಹೋಯಿತು. ನಮ್ಮ ಊರಲ್ಲಿ ಮನೆಯೊಳಗೆ ಬೂಟು ಹಾಕಿಕೊಂಡು ಬಂದವನನ್ನಾದರೂ ಕ್ಷಮಿಸುತ್ತಾರೆ, ಕಣದ ಮೇಲೆ ಕೆಸರುಗಾಲಲ್ಲಿ ನಡೆದವನನ್ನು ಕ್ಷಮಿಸುವುದಿಲ್ಲ.

ನಾನು ಈ ಊರಿನವಳಲ್ಲ. ಬೆಟ್ಟದಾಚೆ ತೊಕಾಚಿಯಲ್ಲಿ ಹಸು ಸಾಕುವವರ ಮನೆಯಲ್ಲಿ ಹುಟ್ಟಿದವಳು. ಶುಹೇಯನ್ನು ಮದುವೆಯಾಗಿ ಇಲ್ಲಿಗೆ ಬಂದೆ. ಆ ವರ್ಷ ನಾನು ಏಳು ತಿಂಗಳ ಬಸುರಿ. ಶುಹೇ ಬೇರೆಯವರ ಬಲೆದೋಣಿಯಲ್ಲಿ ಜುಲೈವರೆಗೆ ಕೂಲಿಗೆ ಹೋಗುತ್ತಿದ್ದ. ಬೆಳಗ್ಗೆ ಮೂರಕ್ಕೆ ಹೋದವನು ಮಧ್ಯಾಹ್ನ ಬಂದು ಊಟ ಮಾಡಿ ಕಟ್ಟಿಗೆಯಂತೆ ಬಿದ್ದುಕೊಳ್ಳುತ್ತಿದ್ದ. ಮನೆಯಲ್ಲಿ ಎದ್ದು ಓಡಾಡುವವರೆಂದರೆ ನಾನು ಮತ್ತು ಅತ್ತೆ ಇತ್ಸುಕೊ. ಅತ್ತೆಗೆ ಆಗ ಅರವತ್ತಾರು.

ಹಿಂದಿನ ಚಳಿಗಾಲದ ಬಿರುಗಾಳಿಯಲ್ಲಿ ಅಲೆ ಕಣದವರೆಗೂ ನುಗ್ಗಿ ಅರ್ಧ ಕಲ್ಲನ್ನು ಒಂದು ಮೂಲೆಗೆ ಗುಡ್ಡೆ ಹಾಕಿತ್ತು. ಮಾವ ಬೀಳುವ ಮೊದಲೇ ಹತ್ತು ಲಾರಿ ಹೊಸ ಕಲ್ಲು ತರಿಸಿ ಸುರಿಸಿದ್ದರು. ಅದನ್ನೆಲ್ಲ ಹರಡಿ ಸಮ ಮಾಡುವುದು ಪ್ರತಿ ವರ್ಷವೂ ಅವರದೇ ಕೆಲಸ. ಟ್ರ್ಯಾಕ್ಟರಿನ ಮುಂದೆ ಮೇಲೆ ಕೆಳಗೆ ಆಡುವ ಲೋಡರ್ ತೋಳು ಇದೆ, ಅದರ ತುದಿಯಲ್ಲಿ ಕಲ್ಲು ಬಾಚುವ ಕಬ್ಬಿಣದ ಬಕೆಟ್. ಮಾವ ಬಕೆಟ್ಟನ್ನು ನೆಲಕ್ಕೆ ಊರಿ, ಲಿವರನ್ನು ಒತ್ತಿ ಹಿಡಿದು, ಟ್ರ್ಯಾಕ್ಟರಿನ ಮುಂದಿನ ಚಕ್ರ ಹಗುರಾಗುವಷ್ಟು ಭಾರ ಹೇರಿ ಎಳೆಯುತ್ತಿದ್ದರು. ಕಲ್ಲೇನೋ ಸರಿಯುತ್ತಿತ್ತು. ಅದರ ಜೊತೆಗೆ ಕೆಳಗಿನ ಜೇಡಿಮಣ್ಣೂ ಹೆಂಟೆ ಹೆಂಟೆಯಾಗಿ ಮೇಲೆ ಬರುತ್ತಿತ್ತು. ಆಮೇಲೆ ಅತ್ತೆ ಮಂಡಿಯೂರಿ, ಬುಟ್ಟಿ ಪಕ್ಕದಲ್ಲಿಟ್ಟುಕೊಂಡು, ಕಲ್ಲಿನ ನಡುವಿನ ಆ ಮಣ್ಣನ್ನು ಒಂದೊಂದಾಗಿ ಆರಿಸಬೇಕು. ನಾನು ಮದುವೆಯಾಗಿ ಬಂದ ವರ್ಷವೇ ಇದನ್ನು ಕಂಡಿದ್ದೆ. ಹೊಸ ಸೊಸೆ, ಬಾಯಿ ಮುಚ್ಚಿಕೊಂಡು ನಾನೂ ಒಂದು ಬುಟ್ಟಿ ಹಿಡಿದಿದ್ದೆ.

ಜೂನ್ ಮೊದಲ ವಾರ, ಎದುರಿನ ಮನೆ ಕಾಣದಷ್ಟು ಮಂಜು ಕವಿದ ಒಂದು ಬೆಳಗ್ಗೆ, ಕಣದಲ್ಲಿ ಸುತ್ತಿಗೆಯ ಸದ್ದು ಕೇಳಿತು. ಹೋಗಿ ನೋಡಿದರೆ ಚಿಕ್ಕಮಾವ ಮೊರಿಯೊ. ಮಾವನ ತಮ್ಮ. ಅವರ ಕಣ ನಮ್ಮದಕ್ಕೆ ಅಂಟಿಕೊಂಡೇ ಇದೆ. ನಡುವಿನ ಗಡಿಯ ಗೂಟಗಳನ್ನು ಕಿತ್ತು, ನಮ್ಮ ಕಣದ ಆ ಕೊನೆಯಲ್ಲಿ ಹೊಡೆಯುತ್ತಿದ್ದರು.

"ಇದೇನು ಮೊರಿಯೊ?" ಎಂದರು ಅತ್ತೆ.

"ಅತ್ತಿಗೆ, ನೀವು ಚಿಂತೆ ಮಾಡ್ಬೇಡಿ. ಈ ವರ್ಷ ಎರಡೂ ಕಣ ನಾನೇ ನೋಡ್ಕೊಳ್ತೀನಿ. ಶುಹೇ ಸೊಪ್ಪು ತಂದು ನಮ್ಮ ಜೊತೇನೇ ಹರಡ್ಲಿ. ಒಂದೇ ಲೆಕ್ಕ, ಒಂದೇ ಕಟ್ಟು. ಆಸ್ಪತ್ರೇಲಿ ಅಣ್ಣಂಗೆ ಹೇಳ್ದೆ, ಹೂಂ ಅಂದ."

"ನನ್ನ ಕೇಳಿದ್ಯಾ?"

"ಅಣ್ಣ ಹೂಂ ಅಂದ ಮೇಲೆ..."

"ನಿಮ್ಮಣ್ಣನ ಕಾಲು ಮುರಿದಿದೆ. ನಂದು ಮುರಿದಿಲ್ಲ."

ಅತ್ತೆ ನಡೆದು ಹೋಗಿ ಗೂಟಗಳನ್ನು ಒಂದೊಂದಾಗಿ ಅಲ್ಲಾಡಿಸಿ ಕಿತ್ತರು. ಕಿತ್ತವನ್ನು ಸೌದೆಯಂತೆ ತೋಳಿನ ಮೇಲೆ ಜೋಡಿಸಿಕೊಂಡು ಬಂದು ಚಿಕ್ಕಮಾವನ ಕೈಗಿತ್ತರು. ಚಿಕ್ಕಮಾವ ಕೆಟ್ಟವರೇನಲ್ಲ. ಆದರೆ ನಮ್ಮ ಸೊಪ್ಪಿನ ಕಟ್ಟಿಗೆ ನಮ್ಮ ಮನೆಯ ಗುರುತಿನ ಮುದ್ರೆ ಬೀಳುತ್ತದೆ, ಅವರದಕ್ಕೆ ಅವರದು. ಒಂದು ವರ್ಷ ಮುದ್ರೆ ಬೀಳದ ಮನೆ ಮರುವರ್ಷವೂ ಯಾರದೋ ನೆರಳಲ್ಲೇ ನಿಲ್ಲುತ್ತದೆ ಎನ್ನುವುದು ಅತ್ತೆಗೆ ಗೊತ್ತಿತ್ತು. ಊರಲ್ಲಿ ಹಾಗೆ ಆದ ಎರಡು ಮನೆಗಳಿದ್ದವು.

"ಸರಿ ಅತ್ತಿಗೆ," ಎಂದರು ಚಿಕ್ಕಮಾವ, ಗೂಟಗಳನ್ನು ತಬ್ಬಿಕೊಂಡು. "ಹತ್ತು ಲಾರಿ ಕಲ್ಲು ಬಿದ್ದಿದೆ. ಯಾರು ಹರಡ್ತಾರೆ? ಹೊಟ್ಟೆ ಹೊತ್ತಿರೋ ಹುಡುಗಿಯಾ?"

"ನಾನು."

"ಕುಂಟೆ ಹಿಡ್ಕೊಂಡು?"

"ಟ್ರ್ಯಾಕ್ಟರ್ ಇದೆಯಲ್ಲ."

ಚಿಕ್ಕಮಾವ ನಗಲಿಲ್ಲ. ನಗು ತಡೆದುಕೊಂಡರು. ಅದು ಇನ್ನೂ ಕೆಟ್ಟದಾಗಿತ್ತು. "ಹಾಗಾದ್ರೆ ಕೇಳಿ. ಮೊದಲ ಬಾವುಟ ಏರೋ ದಿನ ಕಣ ಸೊಪ್ಪಿಗೆ ತಯಾರಿದ್ರೆ ನಾನು ಬಾಯಿ ಬಿಡಲ್ಲ. ಇಲ್ದಿದ್ರೆ ಈ ಗೂಟ ವಾಪಸ್ ಬರುತ್ತೆ."

"ಬರ್ಲಿ," ಎಂದರು ಅತ್ತೆ. "ಒಲೆಗೆ ಆಗುತ್ತೆ."

ಆ ಸಂಜೆ ಶುಹೇ ಎದ್ದಾಗ ವಿಷಯ ಹೇಳಿದೆ. ಅವನು ತಲೆ ಕೆರೆದುಕೊಂಡು, "ಚಿಕ್ಕಪ್ಪ ಹೇಳೋದ್ರಲ್ಲೂ ತಪ್ಪಿಲ್ಲ ಅಮ್ಮಾ. ಒಂದು ವರ್ಷ ತಾನೇ," ಎಂದ. ಅತ್ತೆ ಅವನ ಬಟ್ಟಲಿಗೆ ಇನ್ನೊಂದು ಸೌಟು ಮಿಸೊ ಸಾರು ಹಾಕಿ, "ನೀನು ಉಣ್ಣು," ಎಂದರು. ಅಲ್ಲಿಗೆ ಅವನ ಮಾತು ಮುಗಿಯಿತು.

ಮರುದಿನ ಅತ್ತೆ ನನ್ನನ್ನು ಕೊಟ್ಟಿಗೆಗೆ ಕರೆದರು. ಟ್ರ್ಯಾಕ್ಟರಿನ ಪಕ್ಕ ನಿಂತು, "ನಿಮ್ಮ ಮನೇಲಿ ಇಂಥದ್ದಿತ್ತು ಅಂದಿದ್ಯಲ್ಲ ಹಿರೊಯೆ. ನಿಂಗೆ ಬರುತ್ತಾ?" ಎಂದು ಕೇಳಿದರು.

"ಬರುತ್ತೆ ಅತ್ತೆ. ಹದಿನೈದು ವರ್ಷಕ್ಕೇ ಕಲ್ತಿದ್ದೆ. ಆದ್ರೆ ಡಾಕ್ಟರು ಈಗ..."

"ನೀನು ಹತ್ತಬೇಡ. ಕೆಳಗೆ ನಿಂತು ಹೇಳಿಕೊಡು."

ಅತ್ತೆ ಪುಟ್ಟ ಲಾರಿ ಓಡಿಸುತ್ತಿದ್ದವರು. ಟ್ರ್ಯಾಕ್ಟರ್ ನಡೆಸುವುದು ಎರಡು ದಿನದಲ್ಲಿ ಬಂತು. ಕಷ್ಟ ಇದ್ದದ್ದು ಲೋಡರಿನಲ್ಲಿ. ಬಲಗೈಗೆ ಒಂದೇ ಲಿವರ್. ಹಿಂದಕ್ಕೆ ಎಳೆದರೆ ಬಕೆಟ್ ಏರುತ್ತದೆ, ಮುಂದಕ್ಕೆ ತಳ್ಳಿದರೆ ಇಳಿಯುತ್ತದೆ, ಪಕ್ಕಕ್ಕೆ ಆಡಿಸಿದರೆ ಬಕೆಟ್ಟಿನ ಬಾಯಿ ಏಳುತ್ತದೆ, ಬಾಗುತ್ತದೆ. ಮೂರನೆಯ ದಿನ ಕಣದ ಅಂಚಿನಲ್ಲಿ ನಿಲ್ಲಿಸಿ ನಾನು ಹೇಳಿದೆ.

"ಅತ್ತೆ, ಈಗ ಬಕೆಟ್ ನೆಲ ಮುಟ್ಟಿದೆ. ಇನ್ನೂ ತಳ್ತಾ ಹೋದ್ರೆ ನೆಲಾನ ಒತ್ತುತ್ತೆ. ಮಾವ ಮಾಡೋದು ಅದೇ."

"ಗೊತ್ತು. ಮುಂದೆ ಹೇಳು."

"ಅಲ್ಲಿಗೆ ನಿಲ್ಲಿಸಬೇಡಿ. ಲಿವರನ್ನ ಕೊನೇವರೆಗೂ ತಳ್ಳಿ. ಸ್ವಲ್ಪ ಬಿಗಿ ಅನ್ಸುತ್ತೆ, ಹೆದರಬೇಡಿ."

ತಳ್ಳಿದರು. ಟಕ್ಕೆಂದು ಲಿವರ್ ಒಂದು ಕಚ್ಚಿನಲ್ಲಿ ಕೂತಿತು.

"ಕೈ ಬಿಡಿ."

ಬಿಟ್ಟರು. ಲಿವರ್ ಅಲ್ಲೇ ಉಳಿಯಿತು.

"ಇದಕ್ಕೆ ಫ್ಲೋಟ್ ಅಂತಾರೆ. ತೇಲು ಅಂತ ಇಟ್ಕೊಳ್ಳಿ. ಈಗ ಎಣ್ಣೆಯ ಒತ್ತಡ ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಬಕೆಟ್ ಬರೀ ತನ್ನ ತೂಕದಲ್ಲಿ ನೆಲದ ಮೇಲೆ ಕೂತಿರುತ್ತೆ. ನೆಲ ಏರಿದ್ರೆ ತಾನೂ ಏರುತ್ತೆ, ಇಳಿದ್ರೆ ಇಳಿಯುತ್ತೆ. ಅಗೆಯಲ್ಲ. ನಮ್ಮಪ್ಪ ಅಂಗಳದ ಹಿಮ ಹೀಗೇ ತೆಗೀತಿದ್ರು. ಹಿಮ ಹೋಗ್ತಿತ್ತು, ಜಲ್ಲಿ ಅಲ್ಲೇ ಇರ್ತಿತ್ತು. ಬಾಯಿ ಚೂರು ಬಾಗಿಸ್ಕೊಳ್ಳಿ, ಹಿಂದಕ್ಕೆ ಎಳ್ಕೊಂಡು ಹೋಗಿ. ಮುಂದಕ್ಕೆ ಬೇಡ, ಹಿಂದಕ್ಕೆ."

ಅತ್ತೆ ಹಿಂದಕ್ಕೆ ಎಳೆದರು. ಬಕೆಟ್ ಕಲ್ಲಿನ ಮೇಲೆ ಗರಗರ ಎನ್ನುತ್ತಾ ಉಬ್ಬು ತಗ್ಗುಗಳನ್ನು ಸವರಿಕೊಂಡು ಬಂತು. ಹದಿನೈದು ಮಾರು ಹೋಗಿ ನಿಲ್ಲಿಸಿ, ಇಳಿದು ಬಂದು, ಎಳೆದ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತರು. ಕಲ್ಲುಗಳ ನಡುವೆ ಬೆರಳು ತೂರಿಸಿ ನೋಡಿದರು. ಬೆರಳಿಗೆ ಮಣ್ಣು ಅಂಟಲಿಲ್ಲ. ಮತ್ತೆ ಟ್ರ್ಯಾಕ್ಟರಿನ ಬಳಿ ಹೋಗಿ ಲಿವರಿನ ಬುಡದ ತಗಡನ್ನು ಉಜ್ಜಿದರು. ಗ್ರೀಸಿನ ಅಡಿಯಲ್ಲಿ ಅಲೆಯಂತಹ ಒಂದು ಗುರುತು ಕಾಣಿಸಿತು.

"ಇದು ಮೊದಲಿಂದ ಇಲ್ಲೇ ಇತ್ತಾ?"

"ಇತ್ತು ಅತ್ತೆ. ಎಲ್ಲಾ ಲೋಡರಲ್ಲೂ ಇರುತ್ತೆ."

"ಈ ಟ್ರ್ಯಾಕ್ಟರ್ ನಮ್ಮನೆಗೆ ಬಂದು ಹದಿನೆಂಟು ವರ್ಷ."

ಅತ್ತೆ ತಮ್ಮ ಎರಡೂ ಅಂಗೈಗಳನ್ನು ನೋಡಿಕೊಂಡರು. ಬೆರಳ ಗಂಟುಗಳೆಲ್ಲ ಊದಿ ಸೊಟ್ಟಗಾಗಿದ್ದ ಕೈಗಳು. ಆಮೇಲೆ ಮತ್ತೆ ಸೀಟಿನ ಮೇಲೆ ಹತ್ತಿ ಕೂತರು.

ನಾನು ಹೇಳುವುದನ್ನು ಮರೆತ ಒಂದು ಮಾತಿತ್ತು. ಅದು ನನ್ನ ತಪ್ಪು. ಬಕೆಟ್ ಮೇಲೆ ಇರುವಾಗ ಲಿವರ್ ತೇಲಿಗೆ ಹೋಗಬಾರದು. ಹಿಡಿದಿಡುವ ಒತ್ತಡವೇ ಇಲ್ಲದ ಮೇಲೆ ಅದು ಇಳಿಯುವುದಿಲ್ಲ, ಬೀಳುತ್ತದೆ.

ಐದನೆಯ ದಿನ ಅತ್ತೆ ಗುಡ್ಡೆಯಿಂದ ಬಕೆಟ್ ತುಂಬ ಕಲ್ಲು ತೆಗೆದು, ಎದೆಯೆತ್ತರಕ್ಕೆ ಎತ್ತಿ, ಗಡಿಯ ಬಳಿಯ ತಗ್ಗಿಗೆ ತಂದರು. ಚಿಕ್ಕಮಾವ ತಮ್ಮ ಕಣದಲ್ಲಿ ಕಳೆ ಕೀಳುತ್ತಿದ್ದವರು ನೋಡಲೆಂದು ಗಡಿಯವರೆಗೆ ಬಂದು ನಿಂತಿದ್ದರು. ಊಟದ ಡಬ್ಬಿ, ಚಹಾದ ಫ್ಲಾಸ್ಕು ಎರಡನ್ನೂ ಕಲ್ಲಿನ ಮೇಲಿಟ್ಟಿದ್ದರು. ಇಳಿಸಲೆಂದು ಅತ್ತೆ ಲಿವರನ್ನು ತಳ್ಳಿದರು. ಮೂರು ದಿನದ ಅಭ್ಯಾಸ, ಕೈ ತಾನಾಗಿ ಕೊನೆಯವರೆಗೂ ಹೋಯಿತು.

ಅಷ್ಟೂ ಕಲ್ಲು ಬಕೆಟ್ ಸಮೇತ ಒಮ್ಮೆಗೇ ಬಿತ್ತು. ನೆಲ ನಡುಗಿತು. ಚಿಕ್ಕಮಾವ ಹಿಂದಕ್ಕೆ ಹಾರಿ ಅಂಗಾತ ಬಿದ್ದರು. ಧೂಳು ಇಳಿದಾಗ ಬಕೆಟ್ ಅವರ ಬೂಟಿನಿಂದ ಎರಡು ಹೆಜ್ಜೆ ದೂರದಲ್ಲಿತ್ತು. ಡಬ್ಬಿಯೂ ಫ್ಲಾಸ್ಕೂ ಅದರ ಅಡಿಯಲ್ಲಿದ್ದವು.

ಅತ್ತೆ ಎಂಜಿನ್ ಆರಿಸಿ ಇಳಿದರು. ಚಿಕ್ಕಮಾವನ ಮುಂದೆ ನಿಂತು, ತಲೆ ಮಂಡಿಗೆ ತಾಗುವಷ್ಟು ಬಾಗಿದರು. ಬಹಳ ಹೊತ್ತು ಏಳಲಿಲ್ಲ. ನಾನೂ ಹೊಟ್ಟೆ ಹಿಡಿದುಕೊಂಡು ಓಡಿ ಬಂದು ಪಕ್ಕದಲ್ಲಿ ಬಾಗಿದೆ. "ತಪ್ಪು ನಂದು ಚಿಕ್ಕಮಾವ. ನಾನು ಹೇಳಿರ್ಲಿಲ್ಲ," ಎಂದೆ.

ಚಿಕ್ಕಮಾವನ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. "ಸಾಯ್ತಿದ್ದೆ ಅತ್ತಿಗೆ. ಸಾಕು ಮಾಡಿ. ಇದು ಹೆಂಗಸರ ಕೈಯಲ್ಲಿ ಆಗೋದಲ್ಲ."

ಅತ್ತೆ ಎದ್ದು ನಿಂತರು. "ನಿನ್ನ ಕೂದಲು ಕೊಂಕಿದ್ರೆ ನಾನೇ ಗೂಟ ಹೊಡ್ಕೊಡ್ತಿದ್ದೆ. ನಿನ್ನ ಹೆದರಿಸಿದ್ದಕ್ಕೆ ಕ್ಷಮಿಸು. ಡಬ್ಬಿಗೂ ಕ್ಷಮಿಸು. ಕಣದ ವಿಷಯಕ್ಕೆ ನಾನು ಕ್ಷಮೆ ಕೇಳಲ್ಲ." ನನ್ನ ಕಡೆ ತಿರುಗಿ, "ಇನ್ನೇನೇನು ಮರ್ತಿದ್ಯೋ ಅದೆಲ್ಲಾ ಈಗ್ಲೇ ಹೇಳು," ಎಂದರು.

ನೆನಪಾದದ್ದನ್ನೆಲ್ಲ ಹೇಳಿದೆ. ಎತ್ತಿದ ಬಕೆಟ್ಟಿನ ಹತ್ತಿರ ಯಾರೂ ನಿಲ್ಲಬಾರದು. ತುಂಬಿದ ಬಕೆಟ್ಟನ್ನು ಮಂಡಿಗಿಂತ ಮೇಲೆ ಎತ್ತಿ ಓಡಿಸಬಾರದು. ಮೊದಲು ಮೆಲ್ಲಗೆ ನೆಲಕ್ಕೆ ಇಳಿಸಬೇಕು, ನೆಲ ಮುಟ್ಟಿದ ಮೇಲೆಯೇ ತೇಲಿಗೆ ತಳ್ಳಬೇಕು. ಅತ್ತೆ ಪ್ರತಿಯೊಂದಕ್ಕೂ ತಲೆ ಆಡಿಸಿದರು. ಆಮೇಲೆ ಚಿಕ್ಕಮಾವನನ್ನು ಐವತ್ತು ಹೆಜ್ಜೆ ದೂರ ಹೋಗಲು ಹೇಳಿ, ಮತ್ತೆ ಹತ್ತಿದರು. ಮಧ್ಯಾಹ್ನ ಚಿಕ್ಕಮಾವನಿಗೆ ನಮ್ಮ ಮನೆಯಿಂದಲೇ ಊಟ ಹೋಯಿತು. ಉಪ್ಪಿನ ಪ್ಲಮ್ ಹುದುಗಿಸಿದ ಅನ್ನದ ಉಂಡೆ ಮೂರು, ಸುಟ್ಟ ಸಾಲ್ಮನ್ ಮೀನಿನ ಒಂದು ತುಂಡು. ಸಂಜೆಯೊಳಗೆ ಊರಿಗೆಲ್ಲ ಕಥೆ ಹಬ್ಬಿತ್ತು. ಅದರಲ್ಲಿ ಬಕೆಟ್ ಚಿಕ್ಕಮಾವನ ಟೋಪಿಯನ್ನು ಹಾರಿಸಿಕೊಂಡು ಹೋಗಿತ್ತು.

ಜೂನ್ ಕೊನೆಯ ಹೊತ್ತಿಗೆ ಕಣದ ಮುಕ್ಕಾಲು ಭಾಗ ಮುಗಿದಿತ್ತು. ಅತ್ತೆ ದಿನಾ ಬೆಳಗ್ಗೆ ಆರಕ್ಕೆ ಹತ್ತಿದರೆ ಹತ್ತಕ್ಕೆ ಇಳಿಯುತ್ತಿದ್ದರು. ಮೊದಮೊದಲು ಬಕೆಟ್ಟಿನ ಎರಡು ಅಂಚಿನಲ್ಲೂ ಕಲ್ಲಿನ ಏರಿ ಉಳಿಯುತ್ತಿತ್ತು. ಅರ್ಧ ಬಕೆಟ್ಟಿನ ಅಗಲ ಸರಿದು ಮತ್ತೆ ಎಳೆದರೆ ಆ ಏರಿ ಮುಚ್ಚುತ್ತದೆ ಎನ್ನುವುದನ್ನು ಅವರೇ ಕಂಡುಕೊಂಡರು. ಅದು ನನಗೂ ಗೊತ್ತಿರಲಿಲ್ಲ.

ಆಗ ಮಾವ ಮನೆಗೆ ಬಂದರು. ಊರುಗೋಲು ಎರಡು, ಬಾಯಿ ಒಂದು. ಮರುದಿನವೇ ಮೀನಿನ ಪೆಟ್ಟಿಗೆಯೊಂದನ್ನು ಕಣದ ಅಂಚಿನಲ್ಲಿ ಬೋರಲು ಹಾಕಿಸಿಕೊಂಡು, ಮುರಿದ ಕಾಲನ್ನು ಮುಂದೆ ಚಾಚಿ ಕೂತರು. ಹೆಂಡತಿ ಟ್ರ್ಯಾಕ್ಟರಿನ ಮೇಲೆ ಕೂತಿದ್ದನ್ನು ಅವರು ನೋಡಿದ್ದು ಅದೇ ಮೊದಲು.

ಒಂದು ಸಾಲು ಎಳೆದು ಮುಗಿಯುವವರೆಗೆ ನೋಡಿದರು. ಆಮೇಲೆ ಶುರುವಾಯಿತು.

"ಒತ್ತು! ಏ, ಒತ್ತೇ ಅದನ್ನ. ಕೂದಲು ಬಾಚ್ತಿದ್ದೀಯಾ?"

ಅತ್ತೆಗೆ ಎಂಜಿನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲವೋ, ಕೇಳಿಸದಂತೆ ಇದ್ದರೋ. ಮಾವ ಊರುಗೋಲು ಎತ್ತಿ ಗಾಳಿಯಲ್ಲಿ ಒತ್ತಿ ಒತ್ತಿ ತೋರಿಸಿದರು. ಕೊನೆಗೆ ಅತ್ತೆ ಎಂಜಿನ್ ಆರಿಸಿದರು. ಅಲೆಯ ಸದ್ದು ಒಂದೇ ಉಳಿಯಿತು.

"ಏನಂದ್ರಿ?"

"ಒತ್ತಿ ಎಳಿ ಅಂದೆ. ಹೀಗೆ ಸವರಿದ್ರೆ ಒಂದು ಮಳೆಗೆ ಎಲ್ಲಾ ಮೊದಲಿನ ಹಾಗೇ ಆಗುತ್ತೆ."

"ಒತ್ತಿದ್ರೆ ಮಣ್ಣು ಬರುತ್ತೆ."

"ಬಂದ್ರೆ ಆರಿಸ್ಬೇಕು. ಯಾವಾಗ್ಲೂ ಆರಿಸಿಲ್ವಾ?"

ಅತ್ತೆ ಸೀಟಿನಿಂದ ಇಳಿಯಲಿಲ್ಲ. ಅಲ್ಲಿಂದಲೇ ಕೇಳಿದರು. "ರೀ, ಈ ಲಿವರಲ್ಲಿ ಕೊನೇಗೆ ತೇಲು ಅಂತ ಒಂದು ಕಚ್ಚು ಇದೆ. ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಕೊಂಡ ದಿನಾನೇ ಹೇಳಿದ್ರು. ಅದು ಸೋಮಾರಿಗಳಿಗೆ ಇರೋದು."

ಮಾವನಿಗೆ ಗೊತ್ತಿರಲಿಲ್ಲ ಎಂದೇ ನಾನು ಅಂದುಕೊಂಡಿದ್ದೆ. ಅತ್ತೆಯೂ ಹಾಗೇ ಅಂದುಕೊಂಡಿದ್ದರು ಎಂಬುದು ಅವರ ಮುಖ ನೋಡಿದಾಗ ಗೊತ್ತಾಯಿತು. ಗೊತ್ತಿಲ್ಲದೆ ಮಾಡಿದ್ದಾಗಿದ್ದರೆ ಬಹುಶಃ ಅಲ್ಲಿಗೇ ಮುಗಿಯುತ್ತಿತ್ತು.

"ಹದಿನೆಂಟು ವರ್ಷ ನಾನು ಮಂಡಿ ಮೇಲೆ ಕೂತು ನೀವು ಎಬ್ಬಿಸಿದ ಮಣ್ಣು ಆರಿಸಿದ್ದೀನಿ," ಎಂದರು ಅತ್ತೆ. ದನಿ ಏರಲಿಲ್ಲ. "ಒತ್ತಬೇಡಿ ಅಂತ ಪ್ರತಿ ವರ್ಷ ಹೇಳಿದ್ದೀನಿ. ಟ್ರ್ಯಾಕ್ಟರ್ ಮೇಲೆ ಕೂತವನಿಗೆ ಗೊತ್ತು ಅಂತಿದ್ರಿ. ಈಗ ನಾನು ಕೂತಿದ್ದೀನಿ. ನಂಗೆ ಗೊತ್ತು."

ಎಂಜಿನ್ ಮತ್ತೆ ಶುರುವಾಯಿತು.

ಮಾವ ಆ ದಿನ ಮತ್ತೆ ಕೂಗಲಿಲ್ಲ. ಮರುದಿನ ಬೆಳಗ್ಗೆ ನೋಡಿದರೆ ಮೊಳೆಯಲ್ಲಿ ಟ್ರ್ಯಾಕ್ಟರಿನ ಕೀ ಇರಲಿಲ್ಲ. ಮಾವ ಊಟದ ಮೇಜಿನ ಮುಂದೆ ಪೇಪರ್ ಓದುತ್ತಿದ್ದರು. ಅತ್ತೆ ಕೇಳಿದಾಗ ಪೇಪರಿನಿಂದ ಕಣ್ಣೆತ್ತದೆ ಹೇಳಿದರು. "ನನ್ನ ಹತ್ರ ಇದೆ. ಸಾಕು ಇತ್ಸುಕೊ. ಕಣ ಮೊರಿಯೊಗೆ ಬಿಡು. ನಾನು ಮಾತು ಕೊಟ್ಟಿದ್ದೀನಿ. ನನ್ನ ಮಾನ ಏನಾಗ್ಬೇಕು?"

"ನಂದೇನಾಗ್ಬೇಕು?"

ಮಾವ ಪೇಪರಿನ ಹಾಳೆ ಮಗುಚಿದರು. ಶುಹೇ ಮನೆಯಲ್ಲಿರಲಿಲ್ಲ. ಇದ್ದಿದ್ದರೂ ಅಪ್ಪನ ಕಿಸೆಗೆ ಕೈ ಹಾಕುವವನಲ್ಲ. ನಾನು ಪಾತ್ರೆ ತೊಳೆಯುತ್ತಾ, ಗೋಡೆಗೆ ಹೇಳುವಂತೆ ಹೇಳಿದೆ. "ಒಂದು ಕಂಪೆನಿಯ ಟ್ರ್ಯಾಕ್ಟರಿಗೆಲ್ಲ ಹೆಚ್ಚಾಗಿ ಒಂದೇ ಕೀ ಆಗುತ್ತೆ. ನಮ್ಮಪ್ಪ ಪಕ್ಕದ ಮನೆಯವರದ್ದನ್ನ ಎಷ್ಟೋ ಸಲ ತಂದಿದ್ದಾರೆ." ಮಾವನ ಪೇಪರ್ ಅಲುಗಾಡಲಿಲ್ಲ. ಅತ್ತೆ ಆಗಲೇ ಬೂಟು ಹಾಕಿಕೊಳ್ಳುತ್ತಿದ್ದರು.

ಊರಲ್ಲಿ ಅದೇ ಕಂಪೆನಿಯ ಇನ್ನೊಂದು ಟ್ರ್ಯಾಕ್ಟರ್ ಇದ್ದದ್ದು ಚಿಕ್ಕಮಾವನದು.

ನಾನೂ ಹಿಂದೆಯೇ ಹೋದೆ. ಚಿಕ್ಕಮಾವ ಕೊಟ್ಟಿಗೆಯ ಮುಂದೆ ಸೊಪ್ಪು ಕೊಯ್ಯುವ ಉದ್ದನೆಯ ಕೊಕ್ಕೆಗೋಲಿಗೆ ಹಗ್ಗ ಸುತ್ತುತ್ತಿದ್ದರು. ಅವರ ಹೆಂಡತಿ ಸುಮಿಯೊ ಪಕ್ಕದಲ್ಲಿ ಹಗ್ಗದ ತುದಿ ಹಿಡಿದು ನಿಂತಿದ್ದರು.

"ಮೊರಿಯೊ, ನಿನ್ನ ಟ್ರ್ಯಾಕ್ಟರ್ ಕೀ ಕೊಡು," ಎಂದರು ಅತ್ತೆ.

"ಯಾಕೆ?"

"ನಮ್ಮದನ್ನ ನಿಮ್ಮಣ್ಣ ಕಿಸೆಗೆ ಹಾಕ್ಕೊಂಡು ಕೂತಿದ್ದಾರೆ. ನಿಂದು ನಮ್ಮದಕ್ಕೂ ಆಗುತ್ತಂತೆ."

ಚಿಕ್ಕಮಾವ ಹಗ್ಗ ಸುತ್ತುವುದನ್ನು ನಿಲ್ಲಿಸಿದರು. "ಅತ್ತಿಗೆ, ನೀವು ಸೋತ್ರೆ ಲಾಭ ನಂಗೆ. ಕೀ ನನ್ನನ್ನೇ ಕೇಳ್ತಿದ್ದೀರಲ್ಲ?"

"ಇನ್ಯಾರನ್ನ ಕೇಳ್ಲಿ? ಬಾವುಟಕ್ಕೆ ಇನ್ನು ಎರಡು ವಾರ ಇದೆ. ನಾನು ಮಾಡೋಕಾಗ್ದೆ ಸೋತ್ರೆ ಗೂಟ ತಗೊಂಡು ಬಾ. ಕೀ ಇಲ್ದೆ ಸೋತ್ರೆ ಅದು ನಿನ್ನ ಗೆಲುವಾ?"

ಚಿಕ್ಕಮಾವ ಮತ್ತೆ ಹಗ್ಗ ಸುತ್ತತೊಡಗಿದರು. ಸುಮಿಯೊ ಚಿಕ್ಕತ್ತೆ ನಾನು ಕಂಡಂತೆ ಗಂಡನೆದುರು ಮಾತಾಡಿದವರೇ ಅಲ್ಲ. ಆ ದಿನವೂ ಮಾತಾಡಲಿಲ್ಲ. ಹಗ್ಗದ ತುದಿಯನ್ನು ನೆಲಕ್ಕೆ ಬಿಟ್ಟು ಒಳಗೆ ಹೋಗಿ ಕೀ ತಂದರು. ತಂದು ಅತ್ತೆಗೆ ಕೊಡಲಿಲ್ಲ. ಗಂಡನ ಅಂಗೈಯಲ್ಲಿಟ್ಟು ಕಾದು ನಿಂತರು.

"ಕೀ ಕಿತ್ಕೊಂಡು ಗೆದ್ದ ಅಂತ ಊರವರು ಅನ್ನೋದು ಬೇಡ," ಎಂದು ಗೊಣಗಿ ಚಿಕ್ಕಮಾವ ಅದನ್ನು ಅತ್ತೆಯ ಕಡೆ ಚಾಚಿದರು. "ಸಂಜೆ ವಾಪಸ್ ತರ್ಬೇಕು. ದಿನಾ."

"ದಿನಾ ತರ್ತೀನಿ."

ತಂದರು ಕೂಡ. ಒಂಬತ್ತು ದಿನ ಬೆಳಗ್ಗೆ ಹೋಗಿ ಕೀ ತಂದರು, ಒಂಬತ್ತು ದಿನ ಸಂಜೆ ವಾಪಸ್ ಕೊಟ್ಟು ಬಂದರು. ಮೊದಲ ದಿನ ನಮ್ಮ ಟ್ರ್ಯಾಕ್ಟರ್ ಶುರುವಾದ ಸದ್ದು ಕೇಳಿ ಮಾವ ತಮ್ಮ ಕಿಸೆಯನ್ನು ಮುಟ್ಟಿ ನೋಡಿಕೊಂಡರು. ಕಿಟಕಿಯಿಂದ ನೋಡಿದರು. ಆ ಮಧ್ಯಾಹ್ನ ಊಟ ಮಾಡಲಿಲ್ಲ. ಅತ್ತೆ ತಟ್ಟೆಯನ್ನು ಮುಚ್ಚಿಟ್ಟರು, ಕರೆಯಲಿಲ್ಲ. ಆ ಒಂಬತ್ತು ದಿನ ಮನೆಯಲ್ಲಿ ಇಬ್ಬರೂ ನನ್ನ ಮೂಲಕವೇ ಮಾತಾಡಿದರು. "ಮಾವನಿಗೆ ಮಾತ್ರೆ ಕೊಡು." "ನಿಮ್ಮತ್ತೆಗೆ ಸ್ನಾನದ ನೀರು ಕಾದಿದೆ ಅನ್ನು." ಒಳಗೆ ಒದೆಯುತ್ತಿದ್ದ ಮಗುವನ್ನೂ ಸೇರಿಸಿದರೆ ನಾವು ಇಬ್ಬರು ಅಂಚೆಯವರಿದ್ದೆವು.

ಜುಲೈ ಹನ್ನೆರಡರ ಹೊತ್ತಿಗೆ ಕಣ ಮುಗಿಯಿತು. ಹದಿಮೂರು, ಹದಿನಾಲ್ಕು ಎರಡೂ ದಿನ ಎಡೆಬಿಡದೆ ಮಳೆ ಸುರಿಯಿತು. ಮೊದಲ ಬಾವುಟ ಏರಿದ್ದು ಹದಿನಾರರ ಬೆಳಗ್ಗೆ.

ಅದರ ಹಿಂದಿನ ಸಂಜೆ, ಹದಿನೈದರಂದು, ಮಾವ ಊರುಗೋಲು ಊರಿಕೊಂಡು ಕಣಕ್ಕೆ ಬಂದರು. ಚಿಕ್ಕಮಾವನೂ ಬಂದಿದ್ದರು, ಕೈಯಲ್ಲಿ ಗೂಟ ಇರಲಿಲ್ಲ. ಅತ್ತೆ ಅಂಚಿನಲ್ಲಿ ತೋಳು ಕಟ್ಟಿ ನಿಂತಿದ್ದರು. ಮಾವ ಕಣದ ನಡುವಿಗೆ ಹೋಗಿ, ಊರುಗೋಲಿನ ತುದಿಯನ್ನು ಕಲ್ಲುಗಳ ನಡುವೆ ಇಳಿಸಿ ತಿರುವಿದರು. ಎತ್ತಿ ತುದಿ ನೋಡಿದರು. ಹತ್ತು ಹೆಜ್ಜೆ ಮುಂದೆ ಹೋಗಿ ಮತ್ತೆ ಇಳಿಸಿದರು. ನಾಲ್ಕು ಕಡೆ ಹಾಗೆ ಮಾಡಿದರು. ಎಲ್ಲೂ ನೀರು ನಿಂತಿರಲಿಲ್ಲ. ರಬ್ಬರಿನ ತುದಿ ಒದ್ದೆಯಾಗಿತ್ತು, ಅಷ್ಟೇ. ಗಡಿಯ ಆಚೆ ಚಿಕ್ಕಮಾವನ ಕಣದಲ್ಲಿ ಮಾತ್ರ, ಅವರು ಅಣ್ಣನಂತೆಯೇ ಒತ್ತಿ ಎಳೆದಿದ್ದ ಕಡೆಗಳಲ್ಲಿ, ಚಹಾದ ಬಣ್ಣದ ನೀರು ಅಲ್ಲಲ್ಲಿ ಮಡುಗಟ್ಟಿತ್ತು.

"ಈ ವರ್ಷ ಕಲ್ಲು ಜಾಸ್ತಿ ತರಿಸಿದ್ದೆ. ಅದಕ್ಕೇ," ಎಂದರು ಮಾವ.

"ಅಣ್ಣಾ, ಸುಮ್ನೆ ಮನೆಗೆ ಹೋಗೋಣ ನಡಿ," ಎಂದರು ಚಿಕ್ಕಮಾವ.

ಹದಿನಾರರಂದು ಶುಹೇ ಎರಡು ಸಲ ದೋಣಿ ತುಂಬಿಸಿ ತಂದ. ಅತ್ತೆ ಮತ್ತು ಕೂಲಿಗೆ ಬಂದ ಇಬ್ಬರು ಹೆಂಗಸರು ಎಲೆ ಎಲೆಯಾಗಿ ಸೊಪ್ಪನ್ನು ಕಲ್ಲಿನ ಮೇಲೆ ನೇರ ಹಾಸಿದರು. ಬಗ್ಗಲಾರದ ನಾನು ಪೆಟ್ಟಿಗೆಯ ಮೇಲೆ ಕೂತು ಎಲೆಗಳ ಬುಡ ಕತ್ತರಿಸಿ ಕೊಡುತ್ತಿದ್ದೆ. ಮೂರು ಗಂಟೆಗೆ ಸೊಪ್ಪು ಗರಿಗರಿ ಒಣಗಿತ್ತು. ತಿರುವಿ ನೋಡಿದರೆ ಕೆಳಗಿನ ಮೈ ಕನ್ನಡಿಯಂತೆ ಹೊಳೆಯುವ ಕಪ್ಪಾಗಿತ್ತು. ಆ ವರ್ಷ ನಮ್ಮ ಮನೆಯ ಮುದ್ರೆ ಬಿದ್ದ ಕಟ್ಟುಗಳಲ್ಲಿ ಒಂದೂ ಮಣ್ಣಿನ ಕಾರಣಕ್ಕೆ ಕೆಳದರ್ಜೆಗೆ ಹೋಗಲಿಲ್ಲ. ಮಗು ಹುಟ್ಟಿದ್ದು ಆಗಸ್ಟ್ ನಡುವೆ, ಬಾವುಟ ಏರದ ಒಂದು ಮಂಜಿನ ದಿನ. ಅದಕ್ಕೆ ಅತ್ತೆ, "ಬುದ್ಧಿವಂತ ಹುಡುಗಿ," ಎಂದರು.

ಕಾಲು ಸರಿಹೋದ ಮೇಲೆ, ಮರುವರ್ಷದ ವಸಂತದಲ್ಲಿ, ಮಾವ ಏನೂ ಆಗದವರಂತೆ ಕೊಟ್ಟಿಗೆಗೆ ಹೋಗಿ ಟ್ರ್ಯಾಕ್ಟರ್ ಹತ್ತಿ ಕೂತರು. ಅತ್ತೆ ಹೋಗಿ ಚಕ್ರದ ಪಕ್ಕ ನಿಂತರು.

"ಇಳೀರಿ."

"ನನ್ನ ಟ್ರ್ಯಾಕ್ಟರ್ ಇದು."

"ದೋಣಿ ಎಳೆಯೋವಾಗ ನಿಮ್ಮದು. ಕಣಕ್ಕೆ ನಂದು. ಇಳೀರಿ, ಚಹಾ ಆರ್ತಿದೆ."

ಮಾವ ಹಣೆ ಗಂಟಿಕ್ಕಿಕೊಂಡು ಸ್ವಲ್ಪ ಹೊತ್ತು ಕೂತೇ ಇದ್ದರು. ಆಮೇಲೆ ಕಾಲಿನ ಮೇಲೆ ನೆಪ ಹಾಕಿ ಇಳಿದರು. ಇನ್ನೂ ನೋಯುತ್ತದಂತೆ, ಸೀಟು ಎತ್ತರವಂತೆ.

ಅಂದಿನಿಂದ ಕಣ ಅತ್ತೆಯದೇ. ಎರಡನೆಯ ವರ್ಷ ಸುಮಿಯೊ ಚಿಕ್ಕತ್ತೆ ಬಂದು, ತಲೆ ತಗ್ಗಿಸಿಕೊಂಡು, ನನಗೂ ಹೇಳಿಕೊಡುತ್ತೀರಾ ಎಂದು ಕೇಳಿದರು. ಅತ್ತೆ ಹೇಳಿಕೊಟ್ಟರು. ಬಕೆಟ್ ಮೇಲಿರುವಾಗ ತೇಲಿಗೆ ಹೋಗಬಾರದು ಎಂಬುದನ್ನು ಎಲ್ಲಕ್ಕಿಂತ ಮೊದಲು, ಮೂರು ಸಲ ಹೇಳಿದರು.

ಹೋದ ಬೇಸಗೆಯಲ್ಲಿ ಸೊಪ್ಪು ಕೊಳ್ಳುವ ವ್ಯಾಪಾರಿಯೊಬ್ಬರು ಕಣ ನೋಡಲು ಬಂದಿದ್ದರು. ಮಾವನೇ ಕರೆದುಕೊಂಡು ಹೋಗಿ ತೋರಿಸುತ್ತಿದ್ದರು. ನಾನು ಹಿಂದೆಯೇ ಇದ್ದದ್ದನ್ನು ಅವರು ನೋಡಲಿಲ್ಲ. "ಬೇರೆ ಕಣಗಳಲ್ಲಿ ಒತ್ತಿ ಎಳೀತಾರೆ, ಮಣ್ಣು ಬರುತ್ತೆ," ಎನ್ನುತ್ತಿದ್ದರು. "ನಮ್ಮವಳು ಒತ್ತಲ್ಲ. ಆ ಕೈ ಊರಲ್ಲಿ ಇನ್ಯಾರಿಗೂ ಇಲ್ಲ."

ಓಡಿ ಹೋಗಿ ಅತ್ತೆಗೆ ಹೇಳಿದೆ. ಅವರು ಬಗ್ಗಿ ಸೊಪ್ಪು ತಿರುವುತ್ತಿದ್ದರು, ತಲೆ ಎತ್ತಲಿಲ್ಲ.

"ನೀನು ಹೇಳ್ಲಿಲ್ಲ, ನಾನು ಕೇಳ್ಲಿಲ್ಲ," ಎಂದರು. "ನನ್ನ ಮುಖ ನೋಡಿ ಅವರೇ ಹೇಳ್ಲಿ."

ಮುಂದಿನ ಎಲೆ ತಿರುವಿದರು.